ಪೆಟ್ಟಿಗೆ ಮುಚ್ಚುವ ಮೊದಲು

ಫೋನು ಕೆಳಗಿಟ್ಟ ಮೇಲೂ ಅಜೆಲಿಯ ಕಿವಿಯೊಳಗೆ ಮೆಲಿಯಾಳ ಉಸಿರು ಉಳಿದುಕೊಂಡಿತ್ತು. ಮಾತು ಮುಗಿದು ಎಷ್ಟೋ ಹೊತ್ತಾಯಿತೆಂದು ಅನ್ನಿಸಿದರೂ ಬಾರಿನ ಗಡಿಯಾರದಲ್ಲಿ ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಅಪ್ಪ ಏಳೂವರೆಗೆ ಹೋದರು, ನಾವೀಗ ಆಸ್ಪತ್ರೆಯಿಂದ ಮನೆಗೆ ಹೊರಟೆವು, ಚಿಕ್ಕಪ್ಪನಿಗೆ ನೀನೇ ಮೆಲ್ಲಗೆ ಹೇಳು ಅಜೆಲಿ, ನನ್ನ ಕೈಲಿ ಆಗೋದಿಲ್ಲ. ಅಷ್ಟೇ. ಇವಳು ‘ಆಯ್ತು’ ಅಂದಿದ್ದಳು. ಬಾರಿನ ಒಡತಿ ವೆರ್ಲಿ ಹಿಂದಿನ ಕೋಣೆಯಲ್ಲಿ ಬಿಯರಿನ ಕ್ರೇಟುಗಳನ್ನು ಸರಿಸುತ್ತಿದ್ದಳು. ಅವಳು ಎತ್ತಬೇಕಾದ ಫೋನನ್ನು, ಕಟ್ಟೆಗೆ ಹತ್ತಿರ ನಿಂತಿದ್ದಳೆಂಬ ಒಂದೇ ಕಾರಣಕ್ಕೆ, ಅಜೆಲಿ ಎತ್ತಿದ್ದಳು. ಹಾಗಾಗಿ ಈ ನಾಲ್ಕು ಗೋಡೆಗಳ ಒಳಗೆ ಮೆಲಿಯಾಳ ಅಪ್ಪ ಎರಾಸ್ತ್ ಫ್ರುಜೆಯ ಸಾವು ಸದ್ಯಕ್ಕೆ ತನ್ನೊಬ್ಬಳ ಹತ್ತಿರವೇ ಇದೆ ಎಂಬುದು ಅವಳಿಗೆ ಹೊಳೆದದ್ದು ಆಮೇಲೆ. ಮೊದಲು ಹೊಳೆದದ್ದು ಕೈ ಬೆವೆತಿದೆ, ಗಿಟಾರಿನ ತಂತಿ ಜಾರುತ್ತದೆ ಎಂಬುದು. ಅದಕ್ಕೇ ನಾಚಿಕೆಯಾಗಿ ಅವಳು ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡಳು.

ಕುಣಿಯುವ ಜಾಗದ ತುದಿಯಲ್ಲಿ ಹಗ್ಗ ಕಟ್ಟಿದ ಒಂದು ಚೌಕ, ಅದರೊಳಗೆ ಮೂರು ಕುರ್ಚಿ. ನಡುವಿನದರಲ್ಲಿ ಉಲೀಸ್ ಕೂತು ಮೊಣಕಾಲ ಮೇಲಿನ ಅಕಾರ್ಡಿಯನ್ನಿನ ಚರ್ಮದ ಪಟ್ಟಿಗಳನ್ನು ಬಿಚ್ಚುತ್ತಿದ್ದರು. ಸತ್ತವರ ಖಾಸಾ ತಮ್ಮ. ಎಪ್ಪತ್ತೊಂಬತ್ತು ವರ್ಷ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಗಡ್ಡ ಹೆರೆಯುವಾಗ ಕಿವಿಯ ಕೆಳಗೆ ಉಳಿದುಹೋದ ಒಂದು ಚೂರು ಸಾಬೂನು. ಕಟ್ಟೆಯಿಂದ ಅಲ್ಲಿಗೆ ಹನ್ನೊಂದು ಹೆಜ್ಜೆ. ಹೇಳಬೇಕಾದ ವಾಕ್ಯವನ್ನು ನಾಲಿಗೆಯ ಮೇಲೆ ಇಟ್ಟುಕೊಂಡೇ ಅಜೆಲಿ ನಡೆದಳು. ನೋಂಕ್, ಹೊರಗೆ ಬರ್ತೀರಾ ಸ್ವಲ್ಪ. ಊರಿಗೆಲ್ಲ ಅವರು ನೋಂಕ್, ಚಿಕ್ಕಪ್ಪ. ಅವರಿಗಿಂತ ನಾಲ್ಕೇ ವರ್ಷಕ್ಕೆ ಚಿಕ್ಕವರಾದ ಮುದುಕರಿಗೂ ನೋಂಕ್. ಏಳನೇ ಹೆಜ್ಜೆಗೆ ಅವರು ತಲೆ ಎತ್ತಿದರು.

“ಯಾರಮ್ಮ ಅದು ಫೋನಲ್ಲಿ? ನಿನ್ನ ಹೊಸಾ ಗಂಡನಾ?”

“ಯಾರೋ, ನೋಂಕ್. ಬೂದಾಂ ಬಿಸಿ ಇದೆಯಾ ಅಂತ ಕೇಳಿದ್ರು.”

“ಅದನ್ನ ಕೇಳಕ್ಕೆ ಫೋನ್ ಬೇಕಾ? ಮೂಗಿದ್ರೆ ಸಾಕಲ್ಲ,” ಅಂದ ಪಿಟೀಲಿನ ಕ್ಲೋವಿಸ್, ಕಮಾನಿಗೆ ರಾಳ ಉಜ್ಜುತ್ತ. ನಿಜ, ಬೂದಾಂ ಅಂದರೆ ಅಕ್ಕಿ ಮತ್ತು ಹಂದಿಮಾಂಸ ತುಂಬಿದ ಕರುಳು, ಅದು ಬೇಯುವ ವಾಸನೆ ಬಾಗಿಲಾಚೆಗೂ ಹೋಗಿತ್ತು. ಉಲೀಸ್ ನಕ್ಕರು. ಅಜೆಲಿಯೂ ನಕ್ಕಳು. ನಕ್ಕ ಮೇಲೆ ಅವಳಿಗೆ ಭಯ ಶುರುವಾಯಿತು, ಯಾಕೆಂದರೆ ಆ ಕ್ಷಣದ ತನಕ ಅವಳು ಇನ್ನೂ ಹೇಳದವಳು, ಈಗ ಸುಳ್ಳು ಹೇಳಿದವಳು.

ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅವರು ಅಳುವುದಿಲ್ಲ, ಕೂಗುವುದಿಲ್ಲ. ತಿದಿ ಮಡಿಚಿ, ಪಟ್ಟಿ ಹಾಕಿ, ಪೆಟ್ಟಿಗೆಯನ್ನು ಕಂಕುಳಿಗೆ ಸೇರಿಸಿ ಎದ್ದು ಹೋಗುತ್ತಾರೆ. ಅಕಾರ್ಡಿಯನ್ನು ಇಲ್ಲಿ ಎಲ್ಲರ ಬಾಯಲ್ಲೂ ಪೆಟ್ಟಿಗೆಯೇ. ಮನೆಯಲ್ಲಿ ಸಾವಾದರೆ ಪೆಟ್ಟಿಗೆ ಒಂದು ವರ್ಷ ಮುಚ್ಚಿರಬೇಕು. ಬಾರಿಸುವಂತಿಲ್ಲ, ಕುಣಿಯುವಂತಿಲ್ಲ, ರೇಡಿಯೋದ ಕಿವಿ ತಿರುವುವಂತಿಲ್ಲ. ಈಗಿನವರು ಅದನ್ನು ಮೂರು ತಿಂಗಳಿಗೆ ಇಳಿಸಿದ್ದಾರೆ, ಕೆಲವರಂತೂ ಹೂತು ಬಂದ ಶನಿವಾರವೇ ಇಲ್ಲಿ ಬಿಯರು ಹಿಡಿದು ನಿಂತಿರುತ್ತಾರೆ. ಉಲೀಸ್ ಹಾಗಲ್ಲ. ಹೆಂಡತಿ ಹೋದಾಗ ಪೂರ್ತಿ ವರ್ಷ ಕೂತರು. ಎದ್ದು ಬಂದಾಗ ಬಲಗೈಯ ಬೆರಳುಗಳು ಮರದ ತುಂಡುಗಳಂತಾಗಿದ್ದವು, ಗುಂಡಿಯ ಮೇಲೆ ಇಟ್ಟರೆ ಅಲ್ಲೇ ನಿಲ್ಲುತ್ತಿದ್ದವು. ಮತ್ತೆ ಮೊದಲಿನಂತಾಗಲು ಇನ್ನೊಂದು ವರ್ಷ ಹಿಡಿಯಿತು. ಆಗ ಅವರಿಗೆ ಅರವತ್ತೆಂಟು. ಈ ಸಲ ಮುಚ್ಚಿದ ಪೆಟ್ಟಿಗೆ ಮತ್ತೆ ತೆರೆಯುವುದಿಲ್ಲ. ಅಂದರೆ ಇದು ಅವರ ಕೊನೆಯ ಬೆಳಿಗ್ಗೆ, ಪಾಪ, ಅದನ್ನಾದರೂ ಪೂರ್ತಿ ಬಾರಿಸಲಿ. ಹನ್ನೊಂದಕ್ಕೆ ರೇಡಿಯೋದವರ ಹೊತ್ತು ಮುಗಿಯುತ್ತದೆ, ಆಮೇಲೆ ಹೇಳಿದರಾಯಿತು. ತಿಳಿಯದೆ ಬಾರಿಸಿದವರ ಮೇಲೆ ಸೂತಕದ ತಪ್ಪು ಬೀಳುವುದಿಲ್ಲ. ತಪ್ಪಿದ್ದರೆ ತಿಳಿದವಳ ಮೇಲೆ. ಅಷ್ಟು ಹೊರಬಲ್ಲೆ ಅಂದುಕೊಂಡಳು. ಹಾಗಂದುಕೊಂಡಾಗ ಎದೆಯೊಳಗೆ ಸಣ್ಣದೊಂದು ಹಿತವೂ ಆಯಿತು, ಬೇರೆಯವರಿಗಾಗಿ ಏನನ್ನೋ ಮಾಡುತ್ತಿರುವಾಗ ಆಗುವಂಥದ್ದು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು, ಉಲೀಸ್ ಇಲ್ಲದ ಮೇಲೆ ಅರವತ್ತೊಂದು ವರ್ಷದ ವಿಧವೆಯ ಗಿಟಾರನ್ನು ಶನಿವಾರ ಯಾರು ಕರೆಯುತ್ತಾರೆ. ಅದನ್ನು ಅವಳು ನೋಡದೆ ಪಕ್ಕಕ್ಕೆ ಸರಿಸಿದಳು, ಬೇರೆಯವರ ಮನೆಯ ಮೇಜಿನ ಮೇಲೆ ಬಿಚ್ಚಿಟ್ಟ ಕಾಗದವನ್ನು ಸರಿಸುವ ಹಾಗೆ.

ಪ್ರತಿ ಶನಿವಾರ ಬೆಳಿಗ್ಗೆ ಈ ಬಾರಿನ ಕುಣಿತವನ್ನು ಸೀಮೆಗೆಲ್ಲ ಕೇಳಿಸುವ ರೇಡಿಯೋದ ಎಲ್ರಿಕ್ ಮೈಕನ್ನು ಎರಡು ಸಲ ತಟ್ಟಿ ನೋಡಿದ. ವೆರ್ಲಿ ನೆಲಕ್ಕೆ ಜೋಳದ ಹಿಟ್ಟು ಉದುರಿಸಿದಳು, ಹೆಜ್ಜೆ ಜಾರಲಿ ಎಂದು. ತ್ರಿಕೋನದ ಕಬ್ಬಿಣ ಬಡಿಯುವವನ ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತಂತೆ, ಅವನು ಬಂದಿರಲಿಲ್ಲ. ಇವತ್ತು ತಾಳವೆಲ್ಲ ಅಜೆಲಿಯ ಕೈಯಲ್ಲೇ. “ಪ್ರೇರಿ ಲಾಂಗ್‌ನ ವೆರ್ಲಿಯ ಬಾರಿಂದ ಮಾತಾಡ್ತಿದೀನಿ,” ಎಂದ ಎಲ್ರಿಕ್. “ಹೊರಗೆ ಮಂಜು, ಒಳಗೆ ಹೊಗೆ, ಎರಡು ಕಡೇನೂ ಏನೂ ಕಾಣ್ತಿಲ್ಲ. ಕಾಫಿ ಕುಡಿದಿರೋರು ಕಾಲು ಎತ್ತಿ, ಬಿಯರ್ ಕುಡಿದಿರೋರು ಕಾಲು ಎಲ್ಲಿದೆ ಅಂತ ಹುಡುಕ್ಕೊಳ್ಳಿ.” ಉಲೀಸ್ ಕಣ್ಣು ಮುಚ್ಚಿದರು. ಬಾರಿಸುವಾಗ ಅವರು ಕಣ್ಣು ತೆರೆಯುವವರಲ್ಲ. ಮೊದಲನೆಯದು ಯಾವಾಗಲೂ ವಾಲ್ಟ್ಜ್. ಒಂದು ದಪ್ಪ ತಂತಿ, ಎರಡು ಹಗುರ ಏಟು, ಒಂದು ದಪ್ಪ, ಎರಡು ಹಗುರ. ನಾಲ್ಕು ಜೋಡಿ, ಆರು ಜೋಡಿ, ಮುದುಕರು ತಮ್ಮ ಮುದುಕಿಯರನ್ನು ಗಾಜಿನ ಸಾಮಾನು ಸಾಗಿಸುವಂತೆ ಸಾಗಿಸುತ್ತ ಗೋಡೆಯ ಗುಂಟ ಸುತ್ತತೊಡಗಿದರು. ಪೆಟ್ಟಿಗೆಯ ದನಿ ಅಷ್ಟು ಹತ್ತಿರದಿಂದ ಬಂದಾಗ ಅದು ಕಿವಿಗಿಂತ ಮೊದಲು ಹಲ್ಲಿಗೆ ತಾಗುತ್ತದೆ. ಇಪ್ಪತ್ತೆರಡು ವರ್ಷದಿಂದ ತಾಗುತ್ತಿದೆ.

ನಡುವೆ ಒಂದು ವರ್ಷ ಬಿಟ್ಟು. ಗಂಡ ಓಜೆಮ್ ಹೋದ ವರ್ಷ. ಅತ್ತೆ ಬಂದು ಕನ್ನಡಿಗಳಿಗೆ ಬಟ್ಟೆ ಹೊದಿಸಿದಳು, ರೇಡಿಯೋದ ಮೇಲೆ ಮೇಜುಬಟ್ಟೆ ಹಾಕಿ ಅದರ ಮೇಲೊಂದು ಹೂಜಿ ಇಟ್ಟಳು, ಯಾರೂ ಮರೆತು ಮುಟ್ಟದ ಹಾಗೆ. ಕಪ್ಪು ಲಂಗ, ಕಪ್ಪು ಕಾಲುಚೀಲ, ಜುಲೈ ತಿಂಗಳ ಸೆಖೆ. ಶನಿವಾರ ಬೆಳಿಗ್ಗೆ ಪಕ್ಕದ ಮನೆಯವರು ತಮ್ಮ ರೇಡಿಯೋವನ್ನು ಮರ್ಯಾದೆಗೆ ತಗ್ಗಿಸುತ್ತಿದ್ದರು. ತಗ್ಗಿಸಿದ್ದು ಕೇಳುತ್ತಿತ್ತು, ಹಾಡು ಕೇಳುತ್ತಿರಲಿಲ್ಲ. ತನ್ನ ಕುರ್ಚಿಯಲ್ಲಿ ಯಾರೋ ಕೂತಿದ್ದಾನೆ, ಯಾರೋ ಚೆನ್ನಾಗಿಯೇ ಬಾರಿಸುತ್ತಿದ್ದಾನೆ ಎಂಬುದು ಗೋಡೆಯಾಚೆಗಿಂದ ಬರಿಯ ಗುನುಗಾಗಿ ಬಂದು ಹೊಟ್ಟೆಯಲ್ಲಿ ಕೂರುತ್ತಿತ್ತು. ಐದನೇ ತಿಂಗಳು ಅವಳು ಗಿಟಾರನ್ನು ಕೋಳಿಗೂಡಿಗೆ ಒಯ್ದು, ತಂತಿಗಳ ಕೆಳಗೆ ಕರವಸ್ತ್ರ ತುರುಕಿ, ದನಿಯೇ ಇಲ್ಲದಂತೆ ಬಾರಿಸಿದಳು. ಟಕ್ ಟಕ್ ಟಕ್. ಕೋಳಿಗಳು ಕತ್ತು ಓರೆ ಮಾಡಿ ನೋಡಿದವು. ತಲೆ ಎತ್ತಿದರೆ ಅತ್ತೆ, ಮೊಟ್ಟೆಯ ಬುಟ್ಟಿ ಹಿಡಿದು ಬಾಗಿಲಲ್ಲಿ. ಆ ಮುದುಕಿ ಮೊಟ್ಟೆ ಆರಿಸಿಕೊಂಡು ಹೋದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಎಲ್ಲರ ತಟ್ಟೆ ಇತ್ತು, ಇವಳದು ಇರಲಿಲ್ಲ. ಅಜೆಲಿ ಎದ್ದು ತಾನೇ ತಟ್ಟೆ ತಂದುಕೊಂಡು, ಅನ್ನ ಹಾಕಿಕೊಂಡು ತಿಂದಳು. ತಿಂದಳಲ್ಲ, ಅದೇ ಈಗಲೂ ಸುಡುವುದು. ಎದ್ದು ಹೋಗಲಿಲ್ಲ, ಅಳಲಿಲ್ಲ, ಎರಡನೇ ಸಲವೂ ಹಾಕಿಕೊಂಡಳು.

ಚಪ್ಪಾಳೆ. ವಾಲ್ಟ್ಜ್ ಮುಗಿದಿತ್ತು. ಉಲೀಸ್ ಮೈಕಿನ ಕಡೆ ಬಾಗಿದರು. “ಮುಂದಿನದು ನಮ್ಮಣ್ಣನಿಗೆ. ಎರಾಸ್ತ್ ಮೂರು ವಾರದಿಂದ ಆಸ್ಪತ್ರೇಲಿ ಬಿದ್ದಿದಾನೆ, ಎಲ್ರಿಗೂ ಗೊತ್ತು. ದಿಂಬಿನ ಪಕ್ಕದಲ್ಲೇ ರೇಡಿಯೋ ಇಟ್ಕೊಂಡಿದಾನೆ. ನರ್ಸಮ್ಮಂದಿರು ಅವನ ಪ್ಯಾಂಟ್ ಬಚ್ಚಿಟ್ಟಿದಾರೆ ಕಣ್ರಪ್ಪ, ಇಲ್ದಿದ್ರೆ ಇಷ್ಟೊತ್ತಿಗೆ ಇಲ್ಲೇ ಕುಣೀತಿದ್ದ. ಎರಾಸ್ತ್, ಪ್ಯಾಂಟಿಲ್ದೆ ಹಾಸಿಗೇಲೇ ಕುಣಿ, ಯಾರೂ ನೋಡಲ್ಲ.” ಬಾರೆಲ್ಲ ನಕ್ಕಿತು. ಗೋಡೆಗೆ ಒರಗಿದ್ದ ಒಬ್ಬ ಮುದುಕ ಟೋಪಿಯಿಂದ ತೊಡೆಗೆ ಬಡಿದುಕೊಂಡ. ಸತ್ತವನ ಕಾಲು ಹಾಸಿಗೆಯ ಬಟ್ಟೆಯ ಕೆಳಗೆ ಹೇಗಿರುತ್ತದೆಂದು, ಯಾರೂ ಕೇಳದೆ, ಅಜೆಲಿಯ ಕಣ್ಣು ತಾನಾಗಿ ನೋಡಿತು. ಈಗ ಹೇಳಬೇಕು, ಈ ನಗು ಇಳಿಯುವ ಮೊದಲು. ಆದರೆ ನಗು ಇಳಿಯುವ ಮೊದಲೇ ಪೆಟ್ಟಿಗೆ ಎದ್ದಿತ್ತು, ಎರಡು ಹೆಜ್ಜೆಯ ಕುಣಿತಕ್ಕೆ, ಅಣ್ಣ ಹಾಸಿಗೆಯಲ್ಲಿ ಕುಣಿಯಲಿ ಎಂದು ಬೇಕಂತಲೇ ಜೋರಾಗಿ, ಮತ್ತು ಅವಳ ಕೈ ಅವಳನ್ನು ಕಾಯದೆ ಹಿಂಬಾಲಿಸಿತ್ತು.

“ಏನಾಗಿದೆ ನಿಂಗೆ?” ಹಾಡು ಮುಗಿದಾಗ ಕ್ಲೋವಿಸ್ ಪಿಟೀಲಿನ ಕಿವಿ ಹಿಂಡುವ ನೆಪದಲ್ಲಿ ಪಕ್ಕಕ್ಕೆ ಬಾಗಿದ. “ತಾಳ ಓಡ್ತಾ ಇದೆ. ಹಿಂದೆ ನಾಯಿ ಬಿದ್ದಂಗೆ.”

“ಏನಿಲ್ಲ.”

“ಮುದುಕರು ಕುಣೀತಿದಾರೆ ಕಣಮ್ಮ, ಸ್ವಲ್ಪ ಕರುಣೆ ಇರಲಿ. ಇಬ್ರ ಎದೆ ನಿಂತ್ರೆ ನನ್ನ ಮೇಲ್ ಹಾಕ್ತಾರೆ, ಕಪ್ಪು ಮನುಷ್ಯ ಅಂತ.”

ಅವನು ನಕ್ಕು ಹಿಂದೆ ಸರಿದ. ಅವನು ಹೀಗೇ ಆಡುವುದು, ನಗುತ್ತ, ನಿಜವೋ ಕೀಟಲೆಯೋ ಗೊತ್ತಾಗದ ಹಾಗೆ. ಅವನಿಗೆ ಹೇಳಿಬಿಡಬಹುದಿತ್ತು. ಅವನ ಮುಖ ನೋಡಿದಾಗ ಹೇಳಲಾಗದ ಇನ್ನೊಂದು ಮೇಲೆ ಬಂತು. ಇವಳ ಅಪ್ಪನ ಮನೆಯಲ್ಲಿ ಕುಣಿತ ಇಟ್ಟಾಗಲೆಲ್ಲ ಬಾರಿಸಲು ಬರುತ್ತಿದ್ದವನು ಕ್ಲೋವಿಸನ ಅಪ್ಪ. ಹಿಂದಿನ ಬಾಗಿಲಿನಿಂದ ಬಂದು, ಅಡುಗೆಮನೆಯ ಮೆಟ್ಟಿಲ ಮೇಲೆ ಉಂಡು, ಮುಂದಿನ ಕೋಣೆಯಲ್ಲಿ ಬಾರಿಸುವವನು. ಒಂದು ಸಲ ಯಾರೋ ಕುದುರೆಯ ಮೇಲೆ ಬಂದು ಅಂಗಳದಲ್ಲಿ ಇಳಿದ. ಅಪ್ಪ ಹೊರಗೆ ಹೋಗಿ ಅವನ ಮಾತು ಕೇಳಿದ. ಮಗು ಹೋಯಿತಂತೆ, ಒಳಗೆ ಬಾರಿಸುತ್ತಿದ್ದವನದು, ಎಂಟು ತಿಂಗಳದ್ದು. ‘ಇನ್ನೊಂದು ಗಂಟೆ ಇಲ್ಲೇ ಕೂತಿರು, ಜನ ಬಂದಿದಾರೆ’ ಅಂದ ಅಪ್ಪ, ಅಂದು ಒಳಗೆ ಬಂದು ಇನ್ನೊಂದು ವಾಲ್ಟ್ಜ್ ಕೇಳಿದ. ಎಂಟು ವರ್ಷದ ಅಜೆಲಿ ಆ ಮನುಷ್ಯನಿಗೆ ನೀರು ಕೊಟ್ಟಳು. ಅವನು ಟೋಪಿಯನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು, ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕುಡಿಯದೆ ಕೂತಿದ್ದ. ಒಳಗೆ ಪಿಟೀಲು ಚೆನ್ನಾಗಿತ್ತು. ಸತ್ತ ಮಗು ಕ್ಲೋವಿಸನ ಅಕ್ಕ. ಇಪ್ಪತ್ತೆರಡು ವರ್ಷದಿಂದ ಅವನ ಪಕ್ಕ ಕೂತು ಬಾರಿಸಿದ್ದಾಳೆ, ಅವನ ಹೆಂಡತಿ ಮಾಡಿದ ಬೆಂಡೆಕಾಯಿ ಸಾರು ಉಂಡಿದ್ದಾಳೆ, ಇದನ್ನು ಹೇಳಿಲ್ಲ. ಅಪ್ಪ ತನ್ನ ಜನಕ್ಕೋಸ್ಕರ ಮಾಡಿದ್ದು, ನಾನು ಉಲೀಸ್‌ಗೋಸ್ಕರ ಮಾಡುತ್ತಿರುವುದು. ಎರಡೂ ಒಂದೇ ಅಲ್ಲ. ಅಲ್ಲವೇ ಅಲ್ಲ ಎಂದು ಇನ್ನೊಂದು ಸಲ ಹೇಳಿಕೊಳ್ಳಬೇಕಾಯಿತು.

ಬಾಗಿಲು ತೆರೆದುಕೊಳ್ಳುತ್ತಲೇ ಇತ್ತು. ಪ್ರತಿ ಸಲ ಮಂಜಿನ ಬಿಳುಪು ಒಳಗೆ ನುಗ್ಗಿ, ಅದರೊಳಗಿಂದ ಒಬ್ಬ ಮನುಷ್ಯ ಮೂಡುವ ತನಕ ಅಜೆಲಿ ಅತ್ತಲೇ ನೋಡುತ್ತಿದ್ದಳು. ಭತ್ತದ ಗದ್ದೆಯ ಕೆಸರು ಮೆತ್ತಿದ ಬೂಟು, ಗೊತ್ತಿರುವ ಹೊಟ್ಟೆ, ಗೊತ್ತಿರುವ ಟೋಪಿ. ಯಾರಿಗೆ ಗೊತ್ತು, ಯಾರಿಗಿಲ್ಲ? ಬಂದವನು ನಗುತ್ತಿದ್ದರೆ ಗೊತ್ತಿಲ್ಲ. ನಗದಿದ್ದರೆ ಚಳಿ ಇರಬಹುದು. ಮೆಲಿಯಾಳ ಮನೆಗೆ ಆಸ್ಪತ್ರೆಯಿಂದ ಒಂದು ಗಂಟೆಯ ದಾರಿ, ಆಮೇಲೆ ಅಕ್ಕಪಕ್ಕದವರಿಗೆ ತಿಳಿಯಬೇಕು, ಅವರು ಒಲೆ ಆರಿಸಿ ಬಟ್ಟೆ ಬದಲಿಸಿ ಹೊರಡಬೇಕು. ಸಾವಿನ ಮನೆಯಲ್ಲಿ ಮೊದಲು ಮಾಡುವ ಕೆಲಸ ರೇಡಿಯೋ ಆರಿಸುವುದು, ಹಾಗಾಗಿ ಅವರು ಇದನ್ನು ಕೇಳುವುದಿಲ್ಲ. ಹನ್ನೊಂದರ ತನಕ ಸಮಯವಿದೆ. ಲೆಕ್ಕವನ್ನು ಅವಳು ಮೂರು ಸಲ ಹಾಕಿದಳು, ಮೂರು ಸಲವೂ ಸರಿಹೋಯಿತು. ಆಗ ಎಲ್ರಿಕ್ ಮೈಕಿನಲ್ಲಿ ಮೇವಿನಂಗಡಿಯ ಜಾಹೀರಾತು ಮುಗಿಸಿ, ಎಂದಿನಂತೆ, ಏನೂ ಯೋಚಿಸದೆ ಅಂದ: “ಮನೇಲಿ ಕೂತು ಕೇಳೋರಿಗೆ ನಮಸ್ಕಾರ. ಗಾಡೀಲಿ ಹೋಗ್ತಾ ಕೇಳೋರಿಗೆ, ರಸ್ತೆ ನೋಡ್ಕೊಂಡು ಓಡಿಸ್ರಪ್ಪಾ, ಮಂಜಿದೆ.”

ಅಜೆಲಿಯ ಬೆರಳು ತಪ್ಪು ತಂತಿಗೆ ಬಿತ್ತು. ಸಾವಿನ ಮನೆಯ ರೇಡಿಯೋ ಆರಿರುತ್ತದೆ. ಆ ಮನೆಗೆ ಹೊರಟವರ ಟ್ರಕ್ಕಿನ ರೇಡಿಯೋ ಆರಿರುವುದಿಲ್ಲ. ಶನಿವಾರ ಬೆಳಿಗ್ಗೆ ಈ ಸೀಮೆಯಲ್ಲಿ ಎಲ್ಲಿಗೆ ಹೋಗುವವನೂ ಇದನ್ನೇ ಹಾಕಿಕೊಂಡು ಹೋಗುತ್ತಾನೆ. ಮುಚ್ಚಿದ ಪಾತ್ರೆಯಲ್ಲಿ ಸಾರು ಹಿಡಿದು, ಕಪ್ಪು ಕೋಟು ಹಾಕಿ, ಎರಾಸ್ತ್‌ನ ಮನೆಯ ದಾರಿ ಹಿಡಿದವರೆಲ್ಲ ಈಗ ಕೇಳುತ್ತಿದ್ದಾರೆ: ಅಣ್ಣನ ಹೆಣ ಆರುವ ಮೊದಲೇ ಬಾರಿಸುತ್ತಿರುವ ಉಲೀಸ್, ಆಗಲೇ ಪ್ಯಾಂಟಿಲ್ಲದೆ ಕುಣಿ ಎಂದು ನಕ್ಕಿದ್ದ ಉಲೀಸ್. ಚಿಕ್ಕಪ್ಪನಿಗೆ ಹೇಳಿಯಾಗಿದೆ ಎಂದು ಮೆಲಿಯಾ ನಂಬಿದ್ದಾಳೆ. ಮೆಲಿಯಾ ನಂಬಿದ್ದನ್ನು ಊರು ನಂಬುತ್ತದೆ. ಅಜೆಲಿ ಬಾರಿನ ಬಾಗಿಲನ್ನಷ್ಟೇ ಕಾದಿದ್ದಳು. ಎದುರಿಗೆ ಒಂದು ಮೊಳ ದೂರದಲ್ಲಿದ್ದ ಮೈಕನ್ನು, ಇಪ್ಪತ್ತೆರಡು ವರ್ಷದಿಂದ ಎದುರಿಗಿರುವ ಆ ಮೈಕನ್ನು, ಮರೆತಿದ್ದಳು. ಬೇರೆ ಯಾರಾದರೂ ಮರೆಯಬಹುದಿತ್ತು, ಅವಳು ಹೇಗೆ ಮರೆತಳು? ಒಂದು ವರ್ಷ ಗೋಡೆಯಾಚೆಯ ಗುನುಗನ್ನು ಕೇಳಿ ಕೂತವಳು. ಈಗ ಹೇಳಿದರೆ, ಒಂದು ಗಂಟೆಗೂ ಮೇಲೆ ಯಾಕೆ ಸುಮ್ಮನಿದ್ದೆ ಎಂಬ ಪ್ರಶ್ನೆ ಬರುತ್ತದೆ. ಹೇಳದಿದ್ದರೆ ಪ್ರತಿ ಹಾಡಿಗೂ ಅವರ ಮಾನದ ಒಂದು ತುಂಡು ಹೊರಗೆ ಹೋಗುತ್ತಿದೆ. ಉಲೀಸ್ ಮೆಲ್ಲಗೆ, “ಸೊಗಸಾಗಿ ಬರ್ತಾ ಇದೆ ಇವತ್ತು, ಅಲ್ವಾ?” ಅಂದರು. ಅವರ ಕಿವಿಯ ಕೆಳಗಿನ ಸಾಬೂನು ಬೆವರಿಗೆ ಕರಗಿ ಹೋಗಿತ್ತು. “ಹೂಂ ನೋಂಕ್,” ಅಂದಳು. ಸೊಗಸಾಗಿಯೇ ಬರುತ್ತಿತ್ತು.

ಹತ್ತೂಕಾಲಿಗೆ ಫೋನು ಮತ್ತೆ ಹೊಡೆದುಕೊಂಡಿತು. ಹಾಡಿನ ನಡುವೆ ಅದು ಕೇಳಲಿಲ್ಲ, ಅಜೆಲಿಗೆ ವೆರ್ಲಿಯ ಕೈ ಅತ್ತ ಚಾಚಿದ್ದು ಕಾಣಿಸಿತು. ವೆರ್ಲಿ ಒಂದು ಕಿವಿಗೆ ಬೆರಳು ಒತ್ತಿಕೊಂಡು ಕೇಳಿದಳು. ನಕ್ಕ ಮುಖದಲ್ಲೇ ಕೇಳಲು ಶುರುಮಾಡಿದ್ದಳು, ನಗು ಹೋಯಿತು. ನಂತರ ನೇರ ಅಜೆಲಿಯನ್ನು ನೋಡಿದಳು. ಉಲೀಸರನ್ನಲ್ಲ, ಇವಳನ್ನು. ಅಜೆಲಿಗೆ ಬೆಳಿಗ್ಗೆ ಹೇಳಿದೀನಲ್ಲ ಎಂದಿರಬೇಕು ಮೆಲಿಯಾ. ಇಬ್ಬರು ಹೆಂಗಸರು ಕುಣಿಯುವವರ ನಡುವಿನ ಸಂದಿನಿಂದ ಒಬ್ಬರನ್ನೊಬ್ಬರು ನೋಡಿದರು, ಒಬ್ಬಳ ಕೈಯಲ್ಲಿ ಫೋನು, ಇನ್ನೊಬ್ಬಳ ಕೈಯಲ್ಲಿ ತಾಳ. ಅಜೆಲಿ ತಲೆಯನ್ನು ತುಸುವೇ ಅಡ್ಡಡ್ಡ ಆಡಿಸಿದಳು. ಬೇಡ ಎಂದಲ್ಲ, ದಯವಿಟ್ಟು ಎಂದು. ವೆರ್ಲಿ ಕಣ್ಣು ತೆಗೆದಳು. ಬಿಲ್ಲಿನ ಪುಸ್ತಕದಿಂದ ಒಂದು ಹಾಳೆ ಹರಿದು, ನಾಲಿಗೆಗೆ ಪೆನ್ಸಿಲು ತಾಗಿಸಿ ಏನೋ ಬರೆದಳು.

ಚೀಟಿ ಎಲ್ರಿಕ್‌ನ ತನಕ ಬರಲು ಎಷ್ಟು ಹೊತ್ತು ಹಿಡಿಯಿತೋ. ಆ ಹೊತ್ತಿನಲ್ಲಿ ಉಲೀಸ್ ಹೊಸದೊಂದು ವಾಲ್ಟ್ಜ್ ಎತ್ತಿದ್ದರು, ಉದ್ದದ್ದು, ತಾಯಿಯನ್ನು ಬಿಟ್ಟು ಹೊರಟವನ ಹಾಡು, ಕಣ್ಣು ಮುಚ್ಚಿ ಕತ್ತಿನ ನರ ಉಬ್ಬಿಸಿ ಹಾಡುತ್ತಿದ್ದರು. ಸಾವಿನ ಸುದ್ದಿಯನ್ನು ಮೈಕಿನಲ್ಲಿ ಓದುವುದು ಎಲ್ರಿಕ್‌ನ ಕೆಲಸವೇ. ಪ್ರತಿ ಶನಿವಾರ ಎರಡೋ ಮೂರೋ ಇರುತ್ತವೆ, ಹೆಸರು, ವಯಸ್ಸು, ಮಕ್ಕಳ ಹೆಸರು, ಪ್ರಾರ್ಥನೆ ಎಷ್ಟು ಗಂಟೆಗೆ. ಅವನು ಚೀಟಿ ಬಿಡಿಸಿದ. ಓದಿದ. ಎರಡನೇ ಸಲ ಓದಿದ. ಮಡಿಚಿ ಅಂಗಿಯ ಜೇಬಿಗೆ ಹಾಕಿ, ತಲೆಯ ಟೋಪಿ ತೆಗೆದು ಎದೆಗೆ ಹಿಡಿದ. ಅಷ್ಟೇ ಮಾಡಿದ. ಅದನ್ನು ಹಗ್ಗದ ಪಕ್ಕದಲ್ಲಿದ್ದ ಜೋಡಿ ನೋಡಿತು. ಗಂಡಸು ಬಾಗಿ ಏನೋ ಕೇಳಿದ, ಎಲ್ರಿಕ್ ತುಟಿಯಲ್ಲೇ ಹೇಳಿದ. ಆ ಜೋಡಿ ನಿಂತಿತು. ಆಮೇಲೆ ಅವರಿಗೆ ತಾಗಿ ಸುತ್ತಿದ ಜೋಡಿ. ಯಾರೂ ಕೂಗಲಿಲ್ಲ, ಯಾರೂ ಮುಂದೆ ಬರಲಿಲ್ಲ. ಒಬ್ಬೊಬ್ಬರಾಗಿ ಹೆಜ್ಜೆ ಕಳೆದುಕೊಂಡು, ಕೈ ಬಿಡಿಸಿಕೊಂಡು, ಗೋಡೆಗೆ ಸರಿದು ನಿಂತರು, ಗಂಡಸರ ಟೋಪಿಗಳು ಒಂದೊಂದಾಗಿ ಇಳಿದವು. ಹಿಟ್ಟಿನ ಮೇಲೆ ಉಜ್ಜುವ ಕಾಲುಗಳ ಸದ್ದು ಕಡಿಮೆಯಾಗುತ್ತ ಆಗುತ್ತ ಕೊನೆಗೆ ಒಂದೇ ಜೋಡಿಯದು ಉಳಿಯಿತು, ಕಿವಿ ಕೇಳದ ಹಳೆಯ ಗಂಡ ಹೆಂಡತಿ. ಅವರನ್ನೂ ಯಾರೋ ಮೊಣಕೈ ಹಿಡಿದು ನಿಲ್ಲಿಸಿದರು. ಕ್ಲೋವಿಸನ ಕಣ್ಣು ಒಂದು ಟೋಪಿಯಿಂದ ಇನ್ನೊಂದಕ್ಕೆ ಹೋಗಿ ಅಜೆಲಿಯ ಮುಖಕ್ಕೆ ಬಂತು. ಅಲ್ಲಿ ಏನನ್ನು ಓದಿದನೋ, ಕಮಾನನ್ನು ತಂತಿಯಿಂದ ಎತ್ತಿದ.

ಈಗ ಪೆಟ್ಟಿಗೆ ಮತ್ತು ಗಿಟಾರು, ಎರಡೇ. ಖಾಲಿ ನೆಲ, ನಡುವೆ ಹಿಟ್ಟಿನ ಮೇಲೆ ಗೀಚಿದ ಸುತ್ತುಗಳು. ಉಲೀಸ್ ಹಾಡುತ್ತಿದ್ದರು. ಅಜೆಲಿ ನಿಲ್ಲಿಸಬೇಕಿತ್ತು, ಕೈ ಎತ್ತಿದರೆ ಸಾಕಿತ್ತು. ಆದರೆ ಈ ತಾಳ ನಿಂತ ಕ್ಷಣ ಅವರು ಕಣ್ಣು ತೆರೆಯುತ್ತಾರೆ, ತೆರೆದರೆ ಎದುರಿಗೆ ಇದೆಲ್ಲ ಇದೆ. ಅವರಿಗೂ ಇದಕ್ಕೂ ನಡುವೆ ಇರುವುದು ತನ್ನ ಬಲಗೈ ಒಂದೇ. ಒಂದು ದಪ್ಪ, ಎರಡು ಹಗುರ. ಎಪ್ಪತ್ತು ಎಂಬತ್ತು ಜನ ಆ ಕೈಯನ್ನೇ ನೋಡುತ್ತಿದ್ದರು. ನಿಲ್ಲಿಸು ಎಂದು ಯಾರಾದರೂ ಕೂಗಬಾರದೇ ಎಂದು ಅವಳು ಬೇಡಿಕೊಂಡಳು, ಕೂಗದಿರಲಿ ಎಂದೂ ಬೇಡಿಕೊಂಡಳು. ಬೆವರು ಕಣ್ಣಿಗಿಳಿಯಿತು. ಹಾಡಿನ ಕೊನೆಯ ಸಾಲು ಬಂತು, ಅವರು ಅದನ್ನು ಎಂದಿನಂತೆ ಎಳೆದರು, ತಿದಿಯನ್ನು ಪೂರ್ತಿ ಬಿಚ್ಚಿ, ಉಸಿರಿರುವಷ್ಟೂ ಹೊತ್ತು.

ಚಪ್ಪಾಳೆ ಬರಲಿಲ್ಲ. ಉಲೀಸ್ ಕಣ್ಣು ತೆರೆದರು. ಖಾಲಿ ನೆಲ ನೋಡಿ, ಗೋಡೆಯ ಗುಂಟ ನಿಂತ ಜನರನ್ನು ನೋಡಿ, ಮೈಕಿಗೆ ಬಾಗಿ ಅಂದರು: “ಏನ್ರಪ್ಪಾ, ಅಷ್ಟು ಕೆಟ್ಟದಾಗಿ ಬಾರಿಸಿದ್ನಾ?” ಯಾರೂ ನಗಲಿಲ್ಲ. ಅವರ ಮುಖದ ಮೇಲೆ ನಗು ಇನ್ನೂ ಇತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದವರಂತೆ ಕೆಳಗಿಳಿದ ಕಮಾನನ್ನು ನೋಡಿದರು, ಎಲ್ರಿಕ್‌ನ ಟೋಪಿಯಿಲ್ಲದ ತಲೆಯನ್ನು ನೋಡಿದರು. ಕೊನೆಗೆ ಅಜೆಲಿಯನ್ನು.

“ಎರಾಸ್ತ್, ನೋಂಕ್,” ಅಂದಳು. ಮೈಕು ತೆರೆದೇ ಇತ್ತು; ತನ್ನ ದನಿ ಬಾರಿನಾಚೆ, ಮಂಜಿನಾಚೆ, ಎಲ್ಲ ಟ್ರಕ್ಕುಗಳ ಒಳಗೆ ಬೀಳುವುದು ಅವಳಿಗೆ ಕೇಳಿದಂತಾಯಿತು.

“ಯಾವಾಗ?”

“ಏಳೂವರೆಗೆ.”

“ನಿಂಗ್ ಯಾವಾಗ ಗೊತ್ತಾಯ್ತು?”

ವೆರ್ಲಿ ಕಟ್ಟೆಯ ಹಿಂದೆ ಒಂದು ಲೋಟವನ್ನು ಒರೆಸುತ್ತ ನಿಂತಿದ್ದಳು, ಒರೆಸಿದ್ದನ್ನೇ. ಅಜೆಲಿ ಅಂದಳು: “ಒಂಬತ್ತಕ್ಕೆ ಮುಂಚೆ. ಮೆಲಿಯಾ ಫೋನ್ ಮಾಡಿದ್ಲು. ನಿಮಗೋಸ್ಕರಾನೇ ನೋಂಕ್, ಹೇಳಿದ್ರೆ ನೀವು ಮುಚ್ಚಿಬಿಡ್ತೀರ, ಮತ್ತೆ ತೆಗೆಯಲ್ಲ, ಅದಕ್ಕೇ ಇದೊಂದ್ ಬೆಳಿಗ್ಗೆ ಪೂರ್ತಿ ಬಾರಿಸಲಿ ಅಂತ.”

“ನಂಗೋಸ್ಕರ,” ಅಂದರು ಉಲೀಸ್. ಪ್ರಶ್ನೆಯಾಗಿ ಅಲ್ಲ, ಆ ಮಾತು ಎಷ್ಟು ತೂಗುತ್ತದೆ ಎಂದು ನೋಡುವಂತೆ. ತಿದಿ ಇನ್ನೂ ಬಿಚ್ಚಿಕೊಂಡೇ ಇತ್ತು. ಎಡಗೈಯ ಹೆಬ್ಬೆರಳಿನಿಂದ ಗಾಳಿಯ ಗುಂಡಿ ಒತ್ತಿ ಅದನ್ನು ಮೆಲ್ಲಗೆ ಮಡಿಚಿದರು, ಒಂದು ಸ್ವರವೂ ಹೊರಡದಂತೆ. ಗಾಳಿ ಮಾತ್ರ ಹೊರಗೆ ಬಂತು. ಒಂದು ಪಟ್ಟಿ ಹಾಕಿದರು. ಎರಡನೆಯ ಪಟ್ಟಿಯ ಗುಂಡಿ ಬೆರಳಿಗೆ ಸಿಕ್ಕಲಿಲ್ಲ, ಎರಡು ಸಲ ಜಾರಿತು. ಅಜೆಲಿ ಕೈ ಚಾಚಿದಳು. ಅವರು ಪೆಟ್ಟಿಗೆಯನ್ನು ಆ ಕಡೆಗೆ, ಕ್ಲೋವಿಸನ ಕಡೆಗೆ ತಿರುಗಿಸಿದರು. ಕ್ಲೋವಿಸ್ ಬಾಗಿ ಪಟ್ಟಿ ಹಾಕಿದ. ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅವಳು ಗಿಟಾರಿನ ಮೇಲೆ ಇಟ್ಟುಕೊಂಡಳು.

“ನಾವೂ ನಿಲ್ಲಿಸ್ತೀವಿ ನೋಂಕ್,” ಅಂದ ಎಲ್ರಿಕ್. “ಸ್ಟೂಡಿಯೋದವರು ರೆಕಾರ್ಡ್ ಹಾಕ್ಕೊಳ್ತಾರೆ.”

“ಯಾಕೆ?” ಉಲೀಸ್ ಎದ್ದು ನಿಂತರು. “ಇವರ ಮನೇಲಿ ಯಾರೂ ಸತ್ತಿಲ್ಲ. ಹನ್ನೊಂದರ ತನಕ ಅಂತ ಮಾತು ಕೊಟ್ಟಿದೀವಿ.” ಟೋಪಿ ಹಾಕಿಕೊಂಡು, ಪೆಟ್ಟಿಗೆಯನ್ನು ಕಂಕುಳಿಗೆ ಸೇರಿಸಿ, ಹಗ್ಗ ದಾಟುವ ಮೊದಲು ಒಮ್ಮೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳು ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. “ನೀನು ಬಾರಿಸು, ಅಜೆಲಿ. ಬಾರಿಸೋದಕ್ಕೆ ತಾನೇ ಇಷ್ಟೆಲ್ಲ.”

ಜನ ಎರಡು ಪಾಲಾಗಿ ದಾರಿ ಬಿಟ್ಟರು. ಹಿಟ್ಟಿನ ಮೇಲಿನ ಸುತ್ತುಗಳನ್ನು ಅವರ ಹೆಜ್ಜೆ ನೇರಕ್ಕೆ ಕತ್ತರಿಸಿಕೊಂಡು ಹೋಯಿತು. ಯಾರೋ ಬಾಗಿಲು ಹಿಡಿದರು, ಬೆಳಕು ಬಂತು, ಬಾಗಿಲು ಮುಚ್ಚಿತು. ನಿಮಗೋಸ್ಕರ ಅಂದೆನಲ್ಲ, ಎಲ್ಲರಿಗೂ ಕೇಳುವಂತೆ ಅಂದೆನಲ್ಲ ಎಂದು ಅಜೆಲಿ ಯೋಚಿಸುತ್ತಿದ್ದಳು. ಅವರು ಅದನ್ನು ಎಷ್ಟು ಸಲೀಸಾಗಿ ತೆಗೆದು ಅವಳ ಮುಂದಿಟ್ಟು ಹೋಗಿದ್ದರು. ಇಡೀ ಬೆಳಿಗ್ಗೆ ಅವಳು ಹೆದರಿದ್ದು ಅವರಿಗೆ ಗೊತ್ತಾಗಿಬಿಡುತ್ತದೆಂದು, ಗೊತ್ತಾಗಿತ್ತು, ಹೆದರಿಕೆ ಮಾತ್ರ ಎದ್ದು ಹೋಗಿರಲಿಲ್ಲ, ಅವರು ಬಿಟ್ಟುಹೋದ ಕುರ್ಚಿಯಲ್ಲಿ, ಅವಳಿಗೆ ಮೊಣಕೈ ತಾಗುವಷ್ಟು ಹತ್ತಿರ, ಆರಾಮವಾಗಿ ಕೂತಿತ್ತು. ಕ್ಲೋವಿಸ್ ಅವಳ ಕಡೆ ನೋಡದೆ ಪಿಟೀಲನ್ನು ಎದೆಗೆ ಏರಿಸಿಕೊಂಡ. ತಗ್ಗಿನ ತಂತಿಯ ಮೇಲೆ ವಾಲ್ಟ್ಜ್ ಒಂದನ್ನು ಎತ್ತಿದ. ಅದರ ಹೆಸರು ಹೇಳಲಿಲ್ಲ.

ಮೂರು ಸುತ್ತು ಅವಳು ಕಾದಳು. ಬಾರಿಸಬಾರದು, ಎದ್ದು ಹೋಗಬೇಕು, ಅವರ ಹಿಂದೆ ಓಡಿ ಟ್ರಕ್ಕಿನ ಬಾಗಿಲು ಹಿಡಿಯಬೇಕು. ನಾಲ್ಕನೆಯ ಸುತ್ತಿಗೆ ಅವಳ ಕೈ ಎದ್ದಿತು. ಒಂದು ದಪ್ಪ, ಎರಡು ಹಗುರ. ಬೆಳಿಗ್ಗೆಯಿಂದ ಓಡುತ್ತಿದ್ದ ತಾಳ ಈಗ ಓಡಲಿಲ್ಲ. ಒಂದು ಕೂದಲೆಳೆಯಷ್ಟೂ ಆಚೀಚೆ ಸರಿಯದೆ, ಜೋಳದ ಹಿಟ್ಟಿನ ಮೇಲೆ ಹೆಜ್ಜೆ ಇಟ್ಟಂತೆ, ಇಷ್ಟು ವರ್ಷದಲ್ಲಿ ಎಂದೂ ಬಾರದಷ್ಟು ಚೆನ್ನಾಗಿ ಬರತೊಡಗಿತು. ಅದನ್ನು ಅವಳು ಕೇಳಿಸಿಕೊಂಡಳು. ಯಾರೂ ಕುಣಿಯಲಿಲ್ಲ, ಯಾರೂ ಹೊರಗೂ ಹೋಗಲಿಲ್ಲ. ಟೋಪಿ ಕೈಯಲ್ಲಿ ಹಿಡಿದು ಗೋಡೆಯ ಗುಂಟ ನಿಂತು ನೋಡುತ್ತಿದ್ದರು. ಹನ್ನೊಂದಕ್ಕೆ ಇನ್ನೂ ಇಪ್ಪತ್ತೆರಡು ನಿಮಿಷವಿತ್ತು.